ಐತವಾರದ ಗುಟುಕು

ಭಾದ್ರಪದದ ಅಮಾವಾಸ್ಯೆಗೆ ಜಹೀರಾಬಾದಿನ ಕಡೆ ಪೆತ್ರಮಾಸ ಎನ್ನುತ್ತಾರೆ. ತೀರಿಕೊಂಡ ಹಿರಿಯರಿಗೆ ಎಡೆ ಇಡುವ ದಿನ ಅದು. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಎಡೆಯಲ್ಲಿ ಇಡಬೇಕು. ಹೋಳಿಗೆ ಇಷ್ಟಪಟ್ಟವರಿಗೆ ಹೋಳಿಗೆ, ಬೀಡಿ ಸೇದುತ್ತಿದ್ದವರಿಗೆ ಬೀಡಿಕಟ್ಟು, ಕುಡಿಯುತ್ತಿದ್ದವರಿಗೆ ಬಾಟಲಿ. ತೊಡಕು ಬರುವುದು ಬಾಟಲಿಯ ವಿಷಯದಲ್ಲಿ. ಅಪ್ಪ ಕುಡಿಯುತ್ತಿದ್ದ ಎಂಬುದು ಮಗನಿಗೆ ಗೊತ್ತಿರುತ್ತದೆ, ಆದರೆ ಯಾವುದನ್ನು ಕುಡಿಯುತ್ತಿದ್ದ ಎಂಬುದು ಗೊತ್ತಿರುವುದಿಲ್ಲ. ಬದುಕಿದ್ದಾಗ ಅದನ್ನು ಕೇಳುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ.

ಹಾಗಾಗಿ ಆ ವಾರ ಬಸ್ ನಿಲ್ದಾಣದ ಹಿಂದಿನ ಸಣ್ಣ ವೈನ್ ಶಾಪಿಗೆ ಬರುವವರು ಕೌಂಟರಿನ ಜಾಲರಿಯ ಆಚೆ ನಿಂತು, ಒಳಗಿನಿಂದ ಬಾಟಲಿ ಕೊಡುವ ಹಣಮಯ್ಯನವರನ್ನು ಕೇಳುತ್ತಿದ್ದರು.

"ಅಯ್ನೋರ, ನಮ್ಮಪ್ಪಂದು ಯಾವುದ್ರಿ?"

"ನೀ ಯಾರ ಮಗ ಅಪಾ?"

"ಲಾರಿ ನಡಸ್ತಿದ್ನಲ್ರಿ, ನಾಮದೇವ. ಅವನ ಮಗ."

"ಹಾಂ, ನಾಮದೇವ. ಹಬ್ಬ ಇದ್ರ ಬ್ರಾಂಡಿ, ಖಾಲಿ ದಿನ ಬೀರು. ಸಾಯೂ ವರ್ಷ ಬೀರು ಬಿಟ್ಟಿದ್ದ, ಹೊಟ್ಟಿ ಉಬ್ತದ ಅಂತ. ಬ್ರಾಂಡಿ ಒಯ್ಯಿ. ಸಣ್ಣದು ಸಾಕು, ದೊಡ್ಡದು ಒಯ್ದ್ರ ನೀನೇ ಕುಡೀತಿ."

ಅಂಗಡಿಯ ಮುಂದೆ ತಳ್ಳುಗಾಡಿಯಲ್ಲಿ ಬೇಯಿಸಿದ ಕಡಲೆ ಮಾರುವ ಮೋನಮ್ಮನೂ ಆ ವಾರ ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದಳು. "ನಮ್ಮಾತಂದು ಕೊಡ್ರಿ ಅಯ್ನೋರ. ಬದುಕಿದ್ದಾಗ, ಆತಗ ಕೊಡಬ್ಯಾಡ್ರಿ ಅಂತ ನಿಮ್ಮ ಜೋಡಿ ಜಗಳಾ ತೆಗೀತಿದ್ದೆ. ಈಗ ನಾನೇ ರೊಕ್ಕಾ ಕೊಟ್ಟು ಒಯ್ತೀನಿ ನೋಡ್ರಿ, ನನ್ನ ಹಣೇಬಾರ!"

ಹಣಮಯ್ಯನವರು ಇದಕ್ಕೆ ನಗುತ್ತಿರಲಿಲ್ಲ. ಬಾಟಲಿಯನ್ನು ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಅವರದೊಂದು ನಿಯಮವಿತ್ತು. ಬದುಕಿರುವವರ ಕುಡಿತದ ಮಾತನ್ನು ಯಾರ ಮುಂದೆಯೂ ಆಡಬಾರದು. ಸತ್ತವರದ್ದನ್ನು ಅವರ ಮನೆಯವರು ಎಡೆಗಾಗಿ ಕೇಳಿದರೆ ಮುಚ್ಚಿಡಬಾರದು. ಇಷ್ಟು ವರ್ಷಗಳಲ್ಲಿ ಈ ನಿಯಮದಿಂದ ಯಾರಿಗೂ ಕೆಡುಕಾಗಿರಲಿಲ್ಲ.

ಒಬ್ಬರ ವಿಷಯದಲ್ಲಿ ಮಾತ್ರ ಅವರ ಬಾಯಿಗೆ ಬೀಗ ಬಿದ್ದಿತ್ತು. ಹೋದ ವರ್ಷ ತೀರಿಕೊಂಡ ನಾರಾಯಣಖೇಡದ ಶಂಕ್ರೆಪ್ಪನವರ ಬಗ್ಗೆ ಯಾರು ಕೇಳಿದರೂ ಹೇಳುವುದಿಲ್ಲ, ಅವರ ಹೆಂಡತಿ ಕೇಳಿದರಂತೂ ಹೇಳುವುದೇ ಇಲ್ಲ ಎಂದು ಹಣಮಯ್ಯನವರು ಮಾತು ಕೊಟ್ಟಿದ್ದರು. ಎದೆಯ ಮೇಲಿನ ಲಿಂಗ ಮುಟ್ಟಿ ಕೊಟ್ಟ ಮಾತು ಅದು.

ಹಣಮಯ್ಯನವರು ಹುಟ್ಟಿದ್ದು ಮನೂರಿನ ಹತ್ತಿರದ ಹಳ್ಳಿಯೊಂದರ ಜಂಗಮರ ಮನೆಯಲ್ಲಿ. ಅವರ ತಂದೆ ಬೆಳಗಾದರೆ ಜೋಳಿಗೆ ಹಾಕಿಕೊಂಡು, ಬೆತ್ತ ಹಿಡಿದು, ಭಕ್ತರ ಮನೆಗಳ ಮುಂದೆ ನಿಂತು ಕೋರಾನ್ನ ಬೇಡುತ್ತಿದ್ದರು. ಜೋಳದ ರೊಟ್ಟಿ, ಒಂದು ಹಿಡಿ ಬೇಳೆ, ಹಬ್ಬವಿದ್ದರೆ ಕಡಬು. ಮದುವೆಯಿದ್ದರೂ, ಮಗು ಹುಟ್ಟಿದರೂ, ಮಣ್ಣಿಗೆ ಹೋದರೂ ಮೊದಲು ಅಯ್ನೋರ ಪಾದಕ್ಕೆ ನೀರು ಬೀಳಬೇಕು. ಸಣ್ಣವರಿದ್ದಾಗ ಹಣಮಯ್ಯನವರ ಪಾದಕ್ಕೂ ಅಜ್ಜಿಯರು ನೀರು ಹಾಕಿ ನಮಸ್ಕಾರ ಮಾಡುತ್ತಿದ್ದರು. ಅವರಿಗೆ ನಾಚಿಕೆಯಾಗಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಬೇಡಿ ಉಣ್ಣುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ಜಹೀರಾಬಾದಿಗೆ ಬಂದು ಒಂದು ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಅಕ್ಕಿ, ಬೇಳೆ, ಬೆಲ್ಲ ತೂಗುವ ಕೆಲಸ. ವರ್ಷಗಳು ಕಳೆದು ಅಂಗಡಿ ಮಾಲೀಕರ ಮಗ ಪ್ರೇಮಕುಮಾರನ ಕೈಗೆ ಬಂತು. ಅವನು ಮದ್ಯದಂಗಡಿಯ ಲೈಸೆನ್ಸಿಗೆ ಸರ್ಕಾರದವರು ಚೀಟಿ ಎತ್ತುವಲ್ಲಿ ಹೆಸರು ಕೊಟ್ಟ, ಅವನ ಚೀಟಿಯೇ ಎದ್ದಿತು. ಒಂದೇ ತಿಂಗಳಲ್ಲಿ ಬೆಲ್ಲದ ಡಬ್ಬಿಗಳು ಹೋಗಿ ಬಾಟಲಿಗಳು ಬಂದವು. ಹಲಗೆಗಳು ಅವೇ, ಕೌಂಟರ್ ಅದೇ, ಕೌಂಟರಿನ ಹಿಂದೆ ನಿಲ್ಲುವ ಮನುಷ್ಯನೂ ಅವನೇ. ಬೇರೆ ಕೆಲಸ ಸಿಕ್ಕ ಕೂಡಲೇ ಬಿಡುತ್ತೇನೆ ಎಂದುಕೊಂಡ ಹಣಮಯ್ಯನವರು ಬಿಡಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಸುದ್ದಿ ಶೇರ್ ಆಟೋದಲ್ಲಿ ಊರಿಗೆ ಹೋಯಿತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಮರುವರ್ಷದ ಶ್ರಾವಣದಲ್ಲಿ ಪಾದಪೂಜೆಗೆ ಅವರನ್ನು ಯಾರೂ ಕರೆಯಲಿಲ್ಲ. "ಈ ಸಲ ಬ್ಯಾರೆ ಊರಿನ ಅಯ್ನೋರು ಬಂದಾರ್ರಿ" ಎಂದು ಎದುರು ಸಿಕ್ಕವರು ನೆಲ ನೋಡುತ್ತ ಹೇಳಿದರು. ಅದರ ಮುಂದಿನ ವರ್ಷ ಅಷ್ಟನ್ನೂ ಹೇಳಲಿಲ್ಲ.

ಆ ಶ್ರಾವಣದ ಒಂದು ಸಂಜೆ ಮನೆಗೆ ಬಂದು ಹಣಮಯ್ಯನವರು ಗೋಡೆಗೆ ಒರಗಿ ಕುಳಿತರು. ಹೆಂಡತಿ ಸುಗಲಾಬಾಯಿ ಒಲೆಯ ಮುಂದಿನಿಂದಲೇ ಕೇಳಿದರು.

"ಲಿಂಗ ಬಿಟ್ಟೀರೇನು?"

"ಇಲ್ಲ."

"ಕುಡದೀರೇನು?"

"ಇಲ್ಲ."

"ಹಂಗಾರ ಕೈ ತೊಕ್ಕೊಂಡು ಉಣ್ಣಾಕ ಬರ್ರಿ. ರೊಟ್ಟಿ ಆರಲಾಕತ್ಯಾವ."

ಆ ಮಾತಿನ ಮೇಲೆ ಹಣಮಯ್ಯನವರು ಬದುಕು ಕಟ್ಟಿಕೊಂಡರು. ಅಯ್ಯತನದಲ್ಲಿ ಅವರ ಪಾಲಿಗೆ ಉಳಿದದ್ದು ಎರಡೇ, ಎದೆಯ ಮೇಲಿನ ಲಿಂಗ ಮತ್ತು ಬಾಯಲ್ಲಿನ ಮಾತು. ಬಾಟಲಿಗಳ ನಡುವೆ ಇಡೀ ದಿನ ನಿಂತರೂ ಒಂದು ಹನಿ ನಾಲಿಗೆಗೆ ತಾಗಿಸಲಿಲ್ಲ. ಕುಡಿಯುವವರೂ ಅವರನ್ನು ಒತ್ತಾಯಿಸಲಿಲ್ಲ. ಊರಿನವರು ಕೈಬಿಟ್ಟ "ಅಯ್ನೋರು" ಎಂಬ ಹೆಸರನ್ನು ವೈನ್ ಶಾಪಿನವರು ಬಿಡಲಿಲ್ಲ.

ಶಂಕ್ರೆಪ್ಪನವರು ಆ ಅಂಗಡಿಗೆ ಬಂದದ್ದು ಕ್ರಿಸ್‌ಮಸ್ಸಿನ ಕಾರಣದಿಂದ.

ಮದ್ಯದ ಡಿಪೋದಿಂದ ಬರುವ ಮಾಲಿನ ಜೊತೆ ದ್ರಾಕ್ಷಿ ವೈನಿನ ಪೆಟ್ಟಿಗೆಗಳೂ ಬರುತ್ತಿದ್ದವು. ಅವನ್ನು ಕೇಳುವವರಿರಲಿಲ್ಲ. ಕೆಳಗಿನ ಹಲಗೆಯ ಮೇಲೆ ಧೂಳು ತಿನ್ನುತ್ತ ಮಲಗಿರುತ್ತಿದ್ದವು. ಡಿಸೆಂಬರಿನಲ್ಲಿ ಮಾತ್ರ ಚರ್ಚಿನ ಹೆಣ್ಣುಮಕ್ಕಳು ಹಬ್ಬದ ಊಟಕ್ಕೆಂದು ಬಂದು, "ಛಲೋದು ಯಾವುದ್ರಿ?" ಎನ್ನುತ್ತಿದ್ದರು. ಹಣಮಯ್ಯನವರಿಗೆ ಅದು ಹೇಗೆ ಗೊತ್ತಾಗಬೇಕು? ಒಂದು ವರ್ಷ ಬಣ್ಣ ನೋಡಿ ಕೊಟ್ಟರು. ಮರುದಿನವೇ ಒಬ್ಬಾಕೆ ಬಿರಡೆ ತೆಗೆದ ಬಾಟಲಿಯನ್ನು ತಂದು ಕೌಂಟರಿನ ಮೇಲೆ ಕುಕ್ಕಿದಳು. "ಹುಳಿ ಸಿರ್ಕಾ ಕೊಟ್ಟೀರಲ್ರಿ! ಬೀಗರ ಮುಂದ ನನ್ನ ಮಾನ ಹೋತು."

ಪ್ರೇಮಕುಮಾರ ಕೈಚೆಲ್ಲಿದ. "ನೀವು ಕುಡಿಯಂಗಿಲ್ಲ ಅಯ್ನೋರ. ನಾ ಕುಡದ್ರ ನನಗ ಎಲ್ಲಾ ಒಂದೇ ಅನಸ್ತದ. ನಾಲಿಗಿ ಇದ್ದಾವರು ಯಾರ್ನಾರ ಹುಡಕ್ರಿ."

ಅವತ್ತು ಐತವಾರ. ಅಂಗಡಿಯ ತಗಡಿನ ನೆರಳಿನಲ್ಲಿ ಬಿಳಿ ಅಂಗಿ, ಬಿಳಿ ಧೋತರದ ಹಿರಿಯರೊಬ್ಬರು ಮೋನಮ್ಮನ ಕಡಲೆ ಹಿಡಿದು ನಾರಾಯಣಖೇಡದ ಬಸ್ಸಿಗೆ ಕಾಯುತ್ತಿದ್ದರು. ಗಲಾಟೆ ಕೇಳಿ ಹತ್ತಿರ ಬಂದು, ತೆರೆದ ಬಾಟಲಿಯ ಬಾಯಿಗೆ ಮೂಗು ಇಟ್ಟರು.

"ಇದು ಕೆಟ್ಟಿಲ್ರಿ. ಸಿಹಿ ಇಲ್ಲ, ಅಷ್ಟೇ. ತೊಗರಿ ಇನ್ನಾ ಹಸಿ ಇದ್ದಾಗ ಕಡದ್ರ ಹಲ್ಲು ಹೆಂಗ ಜುಮ್ ಅಂತಾವ, ಹಂಗ ಇರಬೇಕು ಇದರ ರುಚಿ."

ಅವರೇ ಶಂಕ್ರೆಪ್ಪನವರು. ತಾಂಡೂರಿನ ಒಂದು ದಾಲ್ ಮಿಲ್ಲಿನಲ್ಲಿ ಜೀವಮಾನವೆಲ್ಲ ತೊಗರಿ ನೋಡಿ ದರ್ಜೆ ಹೇಳುವ ಕೆಲಸ ಮಾಡಿದವರು. ಚೀಲದಿಂದ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಡಿದು, ನಾಲಿಗೆಯ ಮೇಲೆ ಆಡಿಸಿ, ಉಗುಳಿ, ಎಷ್ಟು ಹಸಿ ಇದೆ, ಯಾವ ನೆಲದ್ದು ಎಂದು ಹೇಳಬೇಕು. ಆ ಮಾತಿನ ಮೇಲೆ ಬೆಲೆ ನಿಲ್ಲುತ್ತಿತ್ತು. ಮಿಲ್ಲಿಗೆ ಯಂತ್ರ ಬಂದ ಮೇಲೆ ಅವರನ್ನು ಕೇಳುವುದು ಕಡಿಮೆಯಾಯಿತು. ಕೆಲಸ ಬಿಟ್ಟು ನಾರಾಯಣಖೇಡಕ್ಕೆ ಮರಳಿದಾಗ ಹಲ್ಲುಗಳೂ ಸವೆದು ಹೋಗಿದ್ದವು. ಅವನ್ನು ಕಟ್ಟಿಸಿಕೊಳ್ಳಲು ಐತವಾರಕ್ಕೊಮ್ಮೆ ಜಹೀರಾಬಾದಿನ ದವಾಖಾನೆಗೆ ಬರುತ್ತಿದ್ದರು.

"ಒಂದು ಗುಟುಕು ನೋಡಿ ಹೇಳ್ತೀರೇನ್ರಿ?" ಎಂದು ಹಣಮಯ್ಯನವರು ಕೇಳಿದರು. ಕೇಳಿದ ಮೇಲೆ ಆ ಹಿರಿಯರ ಕೊರಳಿನ ಲಿಂಗದ ದಾರ ಕಣ್ಣಿಗೆ ಬಿದ್ದು, ತಪ್ಪಾಯಿತು ಎನ್ನಿಸಿತು.

ಶಂಕ್ರೆಪ್ಪನವರು ಬಾಟಲಿಯನ್ನು ಕೈಗೆ ತೆಗೆದುಕೊಂಡರು. "ಭಾಳ ದಿವಸ ಆತ್ರಿ, ನನ್ನ ನಾಲಿಗಿಗಿ ಯಾರೂ ಏನೂ ಕೇಳಿದ್ದಿಲ್ಲ" ಎಂದರು.

ಹಲ್ಲಿನ ಕೆಲಸ ಮುಗಿದರೂ ಅವರು ಐತವಾರ ಬರುವುದನ್ನು ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಇನ್ನೂ ಸೇರಿರದ ಹೊತ್ತಿಗೆ ಬಂದು, ಒಳಗಿನ ಕೋಣೆಯ ಬೆಂಚಿನ ಮೇಲೆ ಕೂರುತ್ತಿದ್ದರು. ವಾರಕ್ಕೆ ಒಂದೇ ಬಾಟಲಿ. ಹಣಮಯ್ಯನವರು ಒಂದು ಸಣ್ಣ ಸ್ಟೀಲ್ ಲೋಟ, ಒಂದು ತಂಬಿಗೆ ನೀರು, ಉಗುಳಲು ಒಂದು ಹಳೆಯ ಡಬ್ಬಿ ಇಡುತ್ತಿದ್ದರು. ಶಂಕ್ರೆಪ್ಪನವರು ಮೊದಲು ವಾಸನೆ ನೋಡಿ, ತೊಗರಿ ನೋಡಿದ ಹಾಗೆಯೇ ಬಾಯಲ್ಲಿ ಆಡಿಸಿ ಉಗುಳುತ್ತಿದ್ದರು. ಮತ್ತೊಮ್ಮೆಯೂ ಹಾಗೆಯೇ. ಕೊನೆಯದೊಂದು ಗುಟುಕು ಮಾತ್ರ ನುಂಗುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಹೇಳುತ್ತಿದ್ದರು.

"ಇದು ನೇರಳೆ ಹಣ್ಣು. ತಿಂದ ಮ್ಯಾಲ ನಾಲಿಗಿ ಜಗ್ತದಲ್ಲ, ಹಂಗ."

"ಇದು ಹಸಿ ಚೀಲದಾಗ ಬೇಳಿ ಇಟ್ಟಂಗ ನಾರ್ತದ. ಹಬ್ಬದ ಮನಿಗಿ ಕೊಡಬ್ಯಾಡ್ರಿ."

"ಇದು ಮುದುಕರಿಗೂ ಇಳೀತದ. ಕ್ರಿಸ್‌ಮಸ್ಸಿಗಿ ಇದನ್ನ ಮುಂದ ಇಡ್ರಿ."

ಹಣಮಯ್ಯನವರು ಆ ಮಾತುಗಳನ್ನು ಹಾಗೆ ಹಾಗೆಯೇ ನೆನಪಿನಲ್ಲಿಟ್ಟು ಗಿರಾಕಿಗಳಿಗೆ ಹೇಳುತ್ತಿದ್ದರು. ಹಬ್ಬ ಬಂದಾಗ ಶಂಕ್ರೆಪ್ಪನವರು ಆರಿಸಿದ ಬಾಟಲಿಗಳನ್ನು ಒರೆಸಿ, ಕೆಂಪು ಕಾಗದ ಹಾಸಿ ಮುಂದೆ ನಿಲ್ಲಿಸುತ್ತಿದ್ದರು. ಬಾಟಲಿ ಕುಕ್ಕಿ ಹೋದ ಆ ಹೆಣ್ಣುಮಗಳೇ ಮರುವರ್ಷ ತಾಂಡೂರಿನ ತನ್ನ ಬೀಗರನ್ನು ಕರೆದುಕೊಂಡು ಬಂದಳು. ಶಂಕ್ರೆಪ್ಪನವರಿಗೆ ಇದನ್ನು ಹೇಳಿದಾಗ ಅವರು ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡರು.

ಒಂದು ಐತವಾರ ಗುಟುಕು ನುಂಗಿದ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಇದು ನಮ್ಮ ಮನಿಯಾಕಿ ಮಾಡೂ ಹುಣಸಿ ಸಾರು ನೋಡ್ರಿ. ಮೊದಲ ಹುಳಿ. ಆಮ್ಯಾಲ ಬೆಲ್ಲ. ಎಲ್ಲಾ ಮುಗೀತು ಅನ್ನೂದ್ರಾಗ ಗಂಟಲದಾಗ ಜರಾ ಖಾರ."

"ಅವರಿಗಿ ಗೊತ್ತದ ಏನ್ರಿ, ನೀವು ಇಲ್ಲಿ ಬರೂದು?"

"ಇಲ್ರಿ. ಗೊತ್ತಾಗಬಾರದು. ಆಕಿ ಬೈಯಾಕಿ ಅಲ್ಲ. ಬೈದಿದ್ರ ಛಲೋ ಇತ್ತು. ಪೂಜಿ ಬ್ಯಾರೆ ಮಾಡ್ತಾಳ. ಮದುವಿ ಆದಾಗಿಂದ ಜೋಡಿ ಕುಂತು ಲಿಂಗಪೂಜಿ ಮಾಡೀವ್ರಿ. ಅದು ತಪ್ಪಿದ್ರ ನಾ ಬದಕಂಗಿಲ್ಲ."

ಐತವಾರ ಮುಂಜಾನೆ ಅವರು ಹಣೆಗೆ ವಿಭೂತಿ ಹಚ್ಚದೆ ಮನೆ ಬಿಡುತ್ತಿದ್ದರು. ವಿಭೂತಿ ಹಚ್ಚಿಕೊಂಡು ಇಲ್ಲಿ ಕೂರಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಮಿಂದ ಮೇಲೆ ಹಚ್ಚಿಕೊಳ್ಳುತ್ತಿದ್ದರು.

"ನಾ ಸತ್ತ ಮ್ಯಾಲೂ ಯಾರಿಗೂ ಹೇಳಬ್ಯಾಡ್ರಿ, ಆಕಿಗಿ ಅಂತೂ ಬ್ಯಾಡೇ ಬ್ಯಾಡ. ಲಿಂಗ ಮುಟ್ಟಿ ಮಾತು ಕೊಡ್ರಿ" ಎಂದು ಅವರು ಕೇಳಿದರು. ಹಣಮಯ್ಯನವರು ಎದೆ ಮುಟ್ಟಿಕೊಂಡರು.

ಶಂಕ್ರೆಪ್ಪನವರು ತೀರಿಕೊಂಡ ಸುದ್ದಿಯನ್ನು ನಾರಾಯಣಖೇಡದ ಬಸ್ಸಿನ ಕಂಡಕ್ಟರ್ ತಂದ. ಮಲಗಿದವರು ಬೆಳಗ್ಗೆ ಏಳಲಿಲ್ಲವಂತೆ. ಹಣಮಯ್ಯನವರು ಮಣ್ಣಿಗೆ ಹೋಗಲಿಲ್ಲ. ಹೋದರೆ, ನೀವು ಯಾರು, ಹೇಗೆ ಪರಿಚಯ ಎಂದು ಕೇಳುತ್ತಾರೆ. ಮುಂದಿನ ಐತವಾರ ಲೋಟ ತಂಬಿಗೆಗಳನ್ನು ತೊಳೆದು ಬೋರಲು ಹಾಕಿದರು. ಆ ಡಿಸೆಂಬರಿನಲ್ಲಿ ಹಬ್ಬದ ಬಾಟಲಿ ಕೇಳಿದವರಿಗೆ ಹಳೆಯ ಮಾತುಗಳನ್ನೇ ಹೇಳಿದರು. ಹೊಸ ಬಾಟಲಿಗಳ ಬಗ್ಗೆ ಗೊತ್ತಿಲ್ಲ ಎಂದರು.

ವರ್ಷ ತುಂಬುತ್ತ ಬಂತು. ಪೆತ್ರಮಾಸಕ್ಕೆ ಇನ್ನೂ ಕೆಲವು ದಿನಗಳಿದ್ದವು. ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಹೊರಗೆ ಮೋನಮ್ಮನ ಗಾಡಿಯ ಮುಂದೆ ಬಿಳಿ ಸೀರೆಯ, ಹಣೆಯ ತುಂಬ ವಿಭೂತಿ ಹಚ್ಚಿದ ಹಿರಿಯ ಹೆಂಗಸೊಬ್ಬರು ಬಂದು ನಿಂತರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಕಡಲೆ ಕೇಳಲಿಲ್ಲ. ಚೀಲದಿಂದ ಹೊಸ ಸೀರೆಯೊಂದನ್ನು ತೆಗೆದು ಗಾಡಿಯ ಅಂಚಿನ ಮೇಲೆ ಇಟ್ಟರು.

"ತೊಗೋ ತಂಗಿ. ನಾ ಜಗಳಾಕ ಬಂದಿಲ್ಲ."

ಮೋನಮ್ಮ ಸೌಟು ಹಿಡಿದವಳು ಹಾಗೆಯೇ ನಿಂತಳು. "ಯಾಕ್ರಿ ಅವ್ವ? ಯಾರ್ರಿ ನೀವು?"

"ನಾರಾಯಣಖೇಡದ ಶಂಕ್ರೆಪ್ಪನೋರ ಹೆಣ್ತಿ. ಶಿವಕಾಂತಮ್ಮ ಅಂತ. ಅವರು ಐತವಾರಕ್ಕೊಮ್ಮೆ ನಿನ್ನ ಕಡೆ ಬರ್ತಿದ್ರು. ಕಂಡಕ್ಟರಗ ಕೇಳಿದೆ. ಇಲ್ಲೇ ಇಳೀತಿದ್ರು, ಆ ಕಡಲಿ ಮಾರಾಕಿ ಹಂತ್ಯಾಕ ಕುಂದ್ರತಿದ್ರು ಅಂತ ಹೇಳಿದ. ಸೋಮವಾರ ಅವರ ವರ್ಷದ ಕಾರ್ಯ ಅದ. ನಿನಗೂ ಹಕ್ಕದ. ನಿನ್ನ ಉಪಾಸ ಇಟ್ಟು ನಾ ಎಡಿ ಇಟ್ರ ಅವರು ಹೆಂಗ ಉಣ್ಣಬೇಕು?"

ಮೋನಮ್ಮನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಯವ್ವಾ! ಏನ್ ಮಾತಾಡ್ತಿ ಬೇ? ನನ್ನ ಕಡಲಿ ತಿಂದವರೆಲ್ಲಾ ನನ್ನ ಗಂಡಂದಿರಾಗಿದ್ರ ಅರ್ಧಾ ಜಹೀರಾಬಾದ್ ನನ್ನ ಮನ್ಯಾಗ ಇರಬೇಕಿತ್ತು! ಆ ಬಿಳಿ ಧೋತರದ ಮುದುಕಪ್ಪಗ ನಾ ಕಾಕಾ ಅಂತಿದ್ದೆ. ನನಗ ಮದುವಿಗಿ ಬಂದ ಮಗಳಿದ್ದಾಳ ತಾಯಿ. ನಡುಬಜಾರದಾಗ ಇಂಥಾ ಮಾತಾಡಿ ನನ್ನ ಮಗಳ ಬಾಯಾಗ ಮಣ್ಣು ಹಾಕಬ್ಯಾಡ."

"ಸುಳ್ಳು ಹೇಳಬ್ಯಾಡ ತಂಗಿ. ನನಗ ಸಿಟ್ಟಿಲ್ಲ."

"ನನಗದ ಸಿಟ್ಟು!"

ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ನೋಡತೊಡಗಿದರು. ಆಟೋದವನೊಬ್ಬ ಗಾಡಿ ನಿಲ್ಲಿಸಿದ. ಜಾಲರಿಯ ಹಿಂದೆ ನಿಂತಿದ್ದ ಹಣಮಯ್ಯನವರ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಸುಮ್ಮನಿದ್ದರೆ ಕೊಟ್ಟ ಮಾತು ಉಳಿಯುತ್ತದೆ. ಆದರೆ ಸಂಜೆಯ ಹೊತ್ತಿಗೆ ಮೋನಮ್ಮನ ಹೆಸರು ಓಣಿಯೆಲ್ಲ ಸುತ್ತುತ್ತದೆ. ಈ ತಾಯಿಯೂ ಇಲ್ಲದ ಹೆಂಗಸೊಬ್ಬಳನ್ನು ಎದೆಯಲ್ಲಿಟ್ಟುಕೊಂಡು ಸಾಯುವತನಕ ಬೇಯುತ್ತಾರೆ. ಮಾತು ಮುರಿದರೆ ಸತ್ತ ಗೆಳೆಯನಿಗೆ ಎರಡು ಬಗೆದಂತೆ. ಮುರಿದ ಮೇಲೆ ಇವರು ಗಂಡನನ್ನು ಇನ್ನೂ ಕೀಳಾಗಿ ಕಂಡರೆ?

ಅವರು ಕೌಂಟರಿನ ಬಾಗಿಲು ತೆಗೆದು ಹೊರಗೆ ಬಂದರು.

"ತಾಯಿ, ಮೋನಮ್ಮಂದು ಏನೂ ತಪ್ಪಿಲ್ಲ. ಶಂಕ್ರೆಪ್ಪನೋರು ಬರ್ತಿದ್ದದ್ದು ನನ್ನ ಕಡೆ."

ಶಿವಕಾಂತಮ್ಮ ಹಣಮಯ್ಯನವರ ಕೊರಳಿನ ಲಿಂಗವನ್ನು ನೋಡಿದರು. ಆಮೇಲೆ ಹಿಂದಿನ ಬೋರ್ಡನ್ನು ನೋಡಿದರು.

"ಈ ದುಕಾನಕ್ಕ?"

"ಹೌದ್ರಿ."

ಮೋನಮ್ಮ ತನ್ನ ಸ್ಟೂಲನ್ನು ಎಳೆದು ಅವರ ಹಿಂದೆ ಇಟ್ಟಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಆ ಹಿರಿಯ ಹೆಂಗಸು ಗಾಡಿಯ ಅಂಚನ್ನು ಗಟ್ಟಿಯಾಗಿ ಹಿಡಿದದ್ದು ಅವಳಿಗೆ ಕಂಡಿತ್ತು. ಸುತ್ತ ನಿಂತವರಿಗೆ, "ಏನ್ ನೋಡ್ತೀರ್ರೋ, ಇಲ್ಲೇನು ಡೊಂಬರಾಟ ನಡದದೇನು? ಹೋಗ್ರಿ!" ಎಂದು ಗದರಿದಳು.

ಹಣಮಯ್ಯನವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕ್ರಿಸ್‌ಮಸ್ಸಿನ ಬಾಟಲಿ, ಹಲ್ಲಿನ ದವಾಖಾನೆ, ಸ್ಟೀಲ್ ಲೋಟ, ಉಗುಳುವ ಡಬ್ಬಿ, ನುಂಗುವ ಒಂದೇ ಗುಟುಕು. ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಲಿಂಗ ಮುಟ್ಟಿ ಮಾತು ಕೊಟ್ಟದ್ದನ್ನೂ ಹೇಳಿದರು.

ಶಿವಕಾಂತಮ್ಮ ಗಾಡಿಯ ಅಂಚಿನ ಸೀರೆಯ ಮೇಲೆ ಕೈಯಾಡಿಸಿದರು.

"ಅಂಗಿ ತೋಳಿನ ಮ್ಯಾಲ ಕೆಂಪು ಕಲೆ ಇರ್ತಿತ್ತು" ಎಂದರು. "ಕುಂಕುಮ ಅಂದ್ಕೊಂಡೆ. ಸಬಕಾರ ಹಚ್ಚಿದ್ರ ನೀಲಿ ಆಗ್ತಿತ್ತು. ಕುಂಕುಮ ನೀಲಿ ಆಗೂದಿಲ್ಲ ಅಂತ ನನಗ ಗೊತ್ತದ. ಗೊತ್ತಿದ್ದೂ ನಾ ಕುಂಕುಮ ಅಂತೇ ಒಗದೆ. ಒಂದು ದಿವಸರ ಕೇಳಬೇಕಿತ್ತು. ಮುಂಜಾನಿ ವಿಭೂತಿ ಇಲ್ಲದ ಹೋಗ್ತಿದ್ರು. ಆ ಹೆಂಗಸಿನ ಮುಂದ ವಿಭೂತಿ ಹಚ್ಕೊಂಡು ಹೋಗಾಕ ನಾಚಿಕಿ ಅಂತ ಅಂದ್ಕೊಂಡೆ."

"ನಾಚಿಕಿ ಖರೇನ ಇತ್ರಿ ತಾಯಿ. ಆದ್ರ ಈ ದುಕಾನದ್ದು."

"ಹೆಂಗಸಿದ್ದಿದ್ರ ಸೀರಿ ಕೊಟ್ಟು ಹೋಗ್ತಿದ್ದೆ ಅಯ್ನೋರ. ಇದಕ್ಕ ಏನ್ ಕೊಡಲಿ?"

ಶಿವಕಾಂತಮ್ಮನ ದನಿ ಮೊದಲ ಸಲ ಏರಿತು.

"ನಿಮಗ ಹೇಳಿದ್ರು, ನನಗ ಹೇಳಲಿಲ್ಲ. ಬಾಜೂಕ ಕುಂತು ಪೂಜಿ ಮಾಡಿದಾಕಿಗಿ ಹೇಳಲಿಲ್ಲ. ಏನ್ ಅಂದ್ಕೊಂಡಿದ್ರು ಅವರು ನನಗ?"

"ಪೂಜಿ ಬ್ಯಾರೆ ಮಾಡ್ತೀರಿ ಅಂತ ಅಂಜಿದ್ರು ತಾಯಿ."

ಶಿವಕಾಂತಮ್ಮ ನೆಲ ನೋಡಿದರು. "ಮಾಡ್ತಿದ್ದೆ" ಎಂದರು ಮೆಲ್ಲಗೆ. "ಅದು ಖರೇ ಅದ. ಮಾಡ್ತಿದ್ದೆ."

ಮೋನಮ್ಮ ನೀರು ಕೊಟ್ಟಳು. ಅವರು ಕುಡಿದು, ಲೋಟ ಕೆಳಗಿಟ್ಟು ಕೇಳಿದರು.

"ಹೆಂಗಿರ್ತದ್ರಿ ಅದರ ರುಚಿ?"

"ನನಗ ಗೊತ್ತಿಲ್ಲ ತಾಯಿ. ನಾ ಮುಟ್ಟಿಲ್ಲ. ಅವರು ಹೇಳಿದ್ದಷ್ಟೇ ಗೊತ್ತು."

"ಅದೇ ಹೇಳ್ರಿ."

ಹಣಮಯ್ಯನವರು ಹೇಳಿದರು. ನೇರಳೆ ಹಣ್ಣನ್ನು ಹೇಳಿದರು, ಹಸಿ ಚೀಲದ ಬೇಳೆಯನ್ನು ಹೇಳಿದರು. ಹುಣಸೆ ಸಾರಿನ ಮಾತನ್ನು ಹೇಳುವಾಗ ಶಂಕ್ರೆಪ್ಪನವರ ಹಾಗೆಯೇ ನಡುವೆ ನಡುವೆ ನಿಲ್ಲಿಸಿ ಹೇಳಿದರು. ಮೊದಲ ಹುಳಿ. ಆಮ್ಯಾಲ ಬೆಲ್ಲ. ಎಲ್ಲಾ ಮುಗೀತು ಅನ್ನೂದ್ರಾಗ ಗಂಟಲದಾಗ ಜರಾ ಖಾರ.

ಶಿವಕಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತರೋ ಇಲ್ಲವೋ ತಿಳಿಯಲಿಲ್ಲ. ಹಣಮಯ್ಯನವರು ಮುಖ ಆಚೆ ತಿರುಗಿಸಿ ನಿಂತರು.

ಏಳುವಾಗ ಶಿವಕಾಂತಮ್ಮ ಮೊದಲು ಮೋನಮ್ಮನ ಕೈ ಹಿಡಿದರು. "ತಪ್ಪಾತು ತಂಗಿ. ನಿನ್ನ ಮಗಳ ಹೆಸರಿಗಿ ನಾ ಕಲೆ ಹಚ್ಚಿ ಹೋಗ್ತಿದ್ದೆ."

"ಆ ಸೀರಿ ಮಾತ್ರ ತೊಗೊಂಡು ಹೋಗ್ರಿ ಅವ್ವ" ಎಂದಳು ಮೋನಮ್ಮ. "ನಾ ಉಟ್ರ ಮಂದಿ ಮತ್ತ ಲೆಕ್ಕಾ ಹಾಕ್ತಾರ."

ಶಿವಕಾಂತಮ್ಮ ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ನಾಲ್ಕು ಹೆಜ್ಜೆ ಹೋದವರು ತಿರುಗಿ ಹಣಮಯ್ಯನವರನ್ನು ನೋಡಿದರು.

"ಲಿಂಗ ಮುಟ್ಟಿದ ಮಾತು ಮುರದ್ರಿ."

"ಹೌದ್ರಿ."

"ನನಗ ಹೇಳಿದ್ರಿ. ಅವರಿಗಿ ಯಾರು ಹೇಳಬೇಕು? ಸೋಮವಾರ ಬರ್ರಿ. ಬಂದು ನೀವೇ ಹೇಳ್ರಿ."

ಸೋಮವಾರ ಹಣಮಯ್ಯನವರು ಪ್ರೇಮಕುಮಾರನಿಗೆ ಹೇಳಿ ರಜೆ ಪಡೆದರು. ಸುಗಲಾಬಾಯಿ ಮಡಿ ಧೋತರ ತೆಗೆದುಕೊಟ್ಟರು. ಏನೂ ಕೇಳಲಿಲ್ಲ, ಏಕೆಂದರೆ ಅವರಿಗೆ ಎಲ್ಲವನ್ನೂ ಹಿಂದಿನ ರಾತ್ರಿಯೇ ಹೇಳಿ ಆಗಿತ್ತು. ಬಸ್ಸಿನಲ್ಲಿ ಉದ್ದಕ್ಕೂ ಹಣಮಯ್ಯನವರು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದರು, ಕೆಡಿಸಿದರು.

ಶಂಕ್ರೆಪ್ಪನವರ ಸಮಾಧಿ ಊರ ಹೊರಗೆ, ಅವರದೇ ಹೊಲದ ಬದುವಿನಲ್ಲಿತ್ತು. ತೊಗರಿ ಎದೆಯೆತ್ತರ ಬೆಳೆದು ನಿಂತಿತ್ತು. ಮನೆಯವರು ಪೂಜೆ ಮುಗಿಸಿದ್ದರು. ಮನೆತನದ ಅಯ್ನೋರು ವಿಭೂತಿ ಹಚ್ಚಿ, ಪತ್ರಿ ಏರಿಸಿ ಎದ್ದಿದ್ದರು. ಮಗ ಅಮರನಾಥ ಬಂದವರನ್ನು ಊಟಕ್ಕೆ ಮನೆಯ ಕಡೆ ಕಳಿಸುತ್ತಿದ್ದ. ಹಣಮಯ್ಯನವರನ್ನು ನೋಡಿ ಅವನು ಹತ್ತಿರ ಬಂದ.

"ತಾವು ಯಾರಂತ ಗುರ್ತ ಹತ್ತಲಿಲ್ರಿ?"

"ನಿಮ್ಮಪ್ಪನ ಐತವಾರದ ಗೆಳೆಯರು" ಎಂದರು ಶಿವಕಾಂತಮ್ಮ, ಸಮಾಧಿಯ ಬದಿಯಿಂದಲೇ. "ಬರ್ರಿ ಅಯ್ನೋರ. ನೀ ಆಕಡಿ ನಿಂದ್ರು ಅಮರನಾಥ."

ಹಣಮಯ್ಯನವರು ಚಪ್ಪಲಿ ಬಿಟ್ಟು, ಸಮಾಧಿಯ ಮುಂದೆ ಕುಳಿತರು. ಬಸ್ಸಿನಲ್ಲಿ ಜೋಡಿಸಿದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಶಂಕ್ರೆಪ್ಪನೋರ" ಎಂದರು. "ಹೇಳಿಬಿಟ್ಟೀನ್ರಿ. ಮಾತು ಉಳಸ್ಕೊಳ್ಳಾಕ ಆಗಲಿಲ್ಲ. ಹೇಳದಿದ್ರ ಇನ್ನೊಬ್ಬರ ಬದುಕು ಕೆಡ್ತಿತ್ತು. ಆದ್ರೂ ಮಾತು ಮಾತೇ. ಮುರದಾಂವ ನಾ. ನೀವು ಒಪ್ಪಿದ್ರೂ ಸೈ, ಒಪ್ಪದಿದ್ರೂ ಸೈ. ನಿಮ್ಮ ಮುಂದ ಬಂದು ಹೇಳೀನಿ."

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಅವರು ತಿಳಿದಿದ್ದರು. ಹಾಗಾಗಲಿಲ್ಲ. ಲಿಂಗ ಮೊದಲಿನಷ್ಟೇ ಭಾರವಾಗಿ ಎದೆಯ ಮೇಲೆ ಇತ್ತು. ಇನ್ನು ಮೇಲೆ ಅದನ್ನು ಮುಟ್ಟಿದಾಗಲೆಲ್ಲ ಈ ಮುರಿದ ಮಾತೂ ಕೈಗೆ ತಾಗುತ್ತದೆ ಎಂದು ಅವರಿಗೆ ತಿಳಿಯಿತು. ಅದನ್ನು ಹೊತ್ತುಕೊಂಡೇ ಬದುಕಬೇಕು. ಅವರು ಹಣೆಯನ್ನು ಮಣ್ಣಿಗೆ ಹಚ್ಚಿ ಎದ್ದರು.

ಆಗ ಶಿವಕಾಂತಮ್ಮ ಹಣಮಯ್ಯನವರು ಎದ್ದ ಜಾಗದಲ್ಲಿ ಕುಳಿತರು. ಮಂಡಿಯ ಮೇಲೆ ಕೈಯಿಟ್ಟು, ಎದುರಿಗೆ ಕುಳಿತವರಿಗೆ ಹೇಳುವ ಹಾಗೆ ಶುರು ಮಾಡಿದರು.

"ಕೇಳಿದ್ರೇನ್ರಿ? ಈಗ ನಾ ಹೇಳ್ತೀನಿ ಕೇಳ್ರಿ. ನೀವು ಅವತ್ತೇ ಹೇಳಿದ್ರ ನಾ ಪೂಜಿ ಬ್ಯಾರೆ ಮಾಡ್ತಿದ್ದೆ. ಎರಡು ತಿಂಗಳೋ, ಆರು ತಿಂಗಳೋ. ಆಮ್ಯಾಲ ಬರ್ತಿದ್ದೆ, ನಿಮ್ಮ ಬಾಜೂಕೇ ಬಂದು ಕುಂದ್ರತಿದ್ದೆ. ಅಷ್ಟು ತಿಳೀಲಿಲ್ಲೇನು ನಿಮಗ? ಊರ ತೊಗರಿ ಎಲ್ಲಾ ಕಡದು ಹೇಳಾವರಿಗಿ ಮನಿಯಾಕಿ ತಿಳೀಲಿಲ್ಲ. ನಾನರ ಏನು ಶಾಣ್ಯಾಕಿ? ಇಲ್ಲದ ಹೆಂಗಸಿಗಿ ಸೀರಿ ತಂದೆ."

ಹಣಮಯ್ಯನವರು ಮೆಲ್ಲಗೆ ಹಿಂದೆ ಸರಿದು, ಬದುವಿನ ಮೇಲೆ ಅಮರನಾಥನ ಪಕ್ಕದಲ್ಲಿ ಹೋಗಿ ನಿಂತರು.

"ಅವ್ವ ಅಪ್ಪನ ಮುಂದ ಕುಂತು ಮಾತೇ ಆಡಿದ್ದಿಲ್ರಿ ವರ್ಷದಿಂದ" ಎಂದ ಅಮರನಾಥ, ತಗ್ಗಿದ ದನಿಯಲ್ಲಿ. "ಹೂವು ಇಟ್ಟು ಎದ್ದು ಬರ್ತಿದ್ಳು. ಇವತ್ತ ಏನ್ ಮಾತಾಡ್ಲಾಕತ್ಯಾಳ್ರಿ?"

"ಮನಿ ಮಾತು ಅಪಾ."

ಊಟಕ್ಕೆ ಕರೆಯಲು ಮನೆಯ ಕಡೆಯಿಂದ ಯಾರೋ ಕೂಗಿದರು. ಅಮರನಾಥ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟ. ಹಣಮಯ್ಯನವರು ಅವನ ತೋಳು ಹಿಡಿದು ತಡೆದರು. ಆ ಕಡೆ ಶಿವಕಾಂತಮ್ಮ ಎಮ್ಮೆ ಕರು ಹಾಕಿದ್ದನ್ನು, ಮನೆಯ ಹಿಂದಿನ ಗೋಡೆ ಬಿದ್ದದ್ದನ್ನು, ಈ ವರ್ಷ ತೊಗರಿ ಬೇಗ ಹೂವಿಗೆ ಬರುವ ಲಕ್ಷಣವಿರುವುದನ್ನು ಒಂದೊಂದಾಗಿ ಹೇಳುತ್ತ ಕುಳಿತಿದ್ದರು.